ಕುಟ್ಟಿ ಆನೆಗೆ ಕರೆಂಟಿನ ಮೇವು

ಸೇಲಂ ಜಿಲ್ಲೆಯ ನಂಗವಳ್ಳಿ, ಜಲಕಂಠಾಪುರಂ ಸುತ್ತಿನಲ್ಲಿ ಮಗ್ಗ ನಡೆಯಬೇಕಾದರೆ ನೂಲು ಬರಬೇಕು, ನೆಯ್ದ ಬಟ್ಟೆ ಪೇಟೆಗೆ ಹೋಗಬೇಕು. ಕನ್ನಡ ಮನೆಮಾತಿನ ದೇವಾಂಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಸಣ್ಣ ಹೊರೆಗೆ ಹೇಳಿ ಮಾಡಿಸಿದ ಗಾಡಿ 2005ರಲ್ಲಿ ಬಂದ ಟಾಟಾ ಏಸ್. ತಮಿಳರ ಬಾಯಲ್ಲಿ ಅದು 'ಕುಟ್ಟಿ ಯಾನೈ', ಅಂದರೆ ಮರಿಯಾನೆ.

ಆ ಮರಿಯಾನೆಗಳಿಗೂ ಈಗ ವಯಸ್ಸಾಗಿದೆ. "ಇಂಜಿನ್ ಬಿಚ್ಚಿ ಮೋಟರ್ ಕೂರಿಸಿದ್ರೆ ಸಾಕಲ್ವಾ? ಹೊಸ ಗಾಡಿಗೆ ಸಾಲ ಯಾಕೆ?" ಎಂಬುದು ನ್ಯಾಯವಾದ ಪ್ರಶ್ನೆಯೇ.

ಲೆಕ್ಕ ನೋಡೋಣ. ಡೀಸೆಲ್ ಇಂಜಿನ್ ಕುಡಿದದ್ದರಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಮೋಟರ್ ಮಾತ್ರ ಬ್ಯಾಟರಿಯಿಂದ ಪಡೆದದ್ದರ ಬಹುಪಾಲನ್ನು ಚಕ್ರಕ್ಕೇ ಕೊಡುತ್ತದೆ. ಆಯಿಲ್ ಬದಲಿಸುವ ಖರ್ಚೂ ತಪ್ಪುತ್ತದೆ. 2022ರಲ್ಲಿ ಬಂದ ಹೊಸ ಏಸ್ ಇವಿಯ ಬ್ಯಾಟರಿ 21.3 ಯೂನಿಟ್ಟಿನದು. ಪರೀಕ್ಷೆಯಲ್ಲಿ ಅದರ ಓಟ 154 ಕಿ.ಮೀ., ಹೊರೆ 600 ಕಿಲೋ. ಬಿಸಿಲು, ಏರು, ಭಾರ ಸೇರಿದರೆ ಓಟ ಕಡಿಮೆಯಾಗುತ್ತದೆ, ನಿಜ. ಆದರೆ ನಂಗವಳ್ಳಿಯಿಂದ ಸೇಲಂಗೆ ಹೋಗಿ ಬಂದರೂ ನೂರು ಕಿ.ಮೀ. ಆಗದು. ರಾತ್ರಿ ಮನೆ ಮುಂದೆ ನಿಂತಾಗ ಚಾರ್ಜ್ ಮಾಡಿಕೊಳ್ಳಬಹುದು.

ಇದು ಹೊಸ ಕನಸೇನೂ ಅಲ್ಲ. ಕಠ್ಮಂಡುವಿನಲ್ಲಿ 1993ರಲ್ಲೇ ಡೀಸೆಲ್ ಟೆಂಪೊ ಬ್ಯಾಟರಿ ಗಾಡಿಯಾಗಿ ಬದಲಾಯಿತು. ಅದರಿಂದ ಬೆಳೆದ 'ಸಫಾ ಟೆಂಪೊ'ಗಳು ಜನರನ್ನು ಹೊತ್ತು ತಿರುಗಿದವು. ಖಾಲಿಯಾದ ಬ್ಯಾಟರಿ ಇಳಿಸಿ ತುಂಬಿದ್ದನ್ನು ಏರಿಸುವ ಕೇಂದ್ರಗಳಿದ್ದುದರಿಂದ ಅವು ಬಾಳಿದವು.

ನನಗಿರುವ ಭಯ ಮೋಟರಿನದಲ್ಲ, ಕಾಗದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2016ರ ನಿಯಮ ತಿದ್ದುಪಡಿ ಪರಿವರ್ತನೆಗೆ ದಾರಿ ತೆರೆಯಿತು, ಷರತ್ತಿನೊಂದಿಗೆ. ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಕಿಟ್ ಪರೀಕ್ಷೆ ಪಾಸಾಗಿರಬೇಕು. ನಿಮ್ಮ ಮಾದರಿಯ ಗಾಡಿಗೇ ಅನುಮೋದನೆ ಇರಬೇಕು. ಆರ್‌ಟಿಒದವರು ಆರ್‌ಸಿಯಲ್ಲಿ ಬದಲಾವಣೆ ಬರೆಯಬೇಕು. ಇದ್ಯಾವುದೂ ಇಲ್ಲದೆ ಅಗ್ಗಕ್ಕೆ ಸಿಕ್ಕಿತೆಂದು ಯಾವುದೋ ಗ್ಯಾರೇಜಿನಲ್ಲಿ ಮೋಟರ್ ಹಾಕಿಸಿದರೆ, ಅಪಘಾತದ ದಿನ ವಿಮೆಯವರು ಕೈಚೆಲ್ಲಬಹುದು. ಒಂದೇ ಗಾಡಿ ನಂಬಿದ ಮನೆ ಅಲ್ಲಿಗೆ ಬೀದಿಗೆ ಬಿತ್ತು.

ಬ್ಯಾಟರಿಯ ತೂಕ ಹೊರೆಯಲ್ಲಿ ಎಷ್ಟು ಕಡಿಮೆ ಮಾಡುತ್ತದೆ, ಗ್ಯಾರಂಟಿ ಎಷ್ಟು ವರ್ಷ ಅಂತಲೂ ಕೇಳಿ. ಅನುಮೋದನೆ ಪತ್ರ ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಿ.