ಬೆಟ್ಟದಾಚೆಯ ಎಫ್‌ಎಂ

ಬೆಂಗಳೂರಿನ ಎಫ್‌ಎಂ ಕೋಲಾರಕ್ಕೆ ಬರಬೇಕಾದರೆ ಅಂತರಗಂಗೆ ಬೆಟ್ಟ ದಾಟಬೇಕು. ಊರಿನ ಪಡುವಣಕ್ಕೇ ಆ ಶತಶೃಂಗದ ಸಾಲು ಅಡ್ಡ ನಿಂತಿದೆ. ಎಫ್‌ಎಂ ಅಲೆ ನೇರವಾಗಿ ಸಾಗುವಂಥದ್ದು. ಮೀಡಿಯಂ ವೇವ್‌ನ ಹಾಗೆ ನೆಲ ಹಿಡಿದು ಏರುತಗ್ಗು ದಾಟಿ ದೂರ ಹೋಗುವ ಗುಣ ಅದಕ್ಕಿಲ್ಲ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ನಮ್ಮ ಹುತ್ತೂರು ಹೋಬಳಿಯ ಹೊಲದ ಬದುವಿನ ಮೇಲೂ ಕೇಳುತ್ತಿತ್ತು. ಆದರೆ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಎಪ್ಪತ್ತು ಕಿಲೋಮೀಟರ್ ಆಚೆಯೇ ಹುಟ್ಟಿದರೂ ನಮ್ಮವರ ಕಿವಿಗೆ ಬಿದ್ದದ್ದು ತುಂಡು ತುಂಡಾಗಿ.

ಆ ಕೇಂದ್ರವೇ ರೇಡಿಯೊ ಸಿಟಿ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಪ್ರಸಾರ ಶುರು ಮಾಡಿತು. ಮುಂಬೈ, ದೆಹಲಿಗಳಿಗಿಂತ ಮೊದಲು ಬೆಂಗಳೂರಿಗೆ ಖಾಸಗಿ ಬಾನುಲಿ ಬಂದಿದ್ದು ಆಗ ದೊಡ್ಡ ಸುದ್ದಿ. ಆದರೆ ಕನ್ನಡ ನಾಡಿಗೆ ಖಾಸಗಿ ಬಾನುಲಿ ಹೊಸದೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ 30 ವಾಟ್‌ನ ಒಂದು ಪ್ರೇಷಕ ಇಟ್ಟುಕೊಂಡು ತಮ್ಮ ಮನೆಯಿಂದ ಪ್ರಸಾರ ನಡೆಸಿದ್ದರು. ಅದರ ಹೆಸರೇ ‘ಆಕಾಶವಾಣಿ’. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು.

ಹುತ್ತೂರು ಕಡೆಯ ಹಳ್ಳಿಯೊಂದರಲ್ಲಿ ಹಿಂದೆ ರೇಡಿಯೊ, ಟೇಪ್‌ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಈ ಲೇಖನಕ್ಕೆ ಅವರೇ ಕಾರಣ. ರೇಡಿಯೊ ಸಿಟಿ ಹಿಡಿಯಲು ಅವರು ಕಟ್ಟಿಕೊಡುತ್ತಿದ್ದ ಆ್ಯಂಟೆನಾ ನೋಡಲೆಂದೇ ಹೋಗಿದ್ದೆ. ಕೇಬಲ್ ಬಂದ ಮೇಲೆ ಸೂರಿನ ಮೇಲೆ ಬೇಡವಾಗಿ ಉಳಿದಿದ್ದ ದೂರದರ್ಶನದ ಆ್ಯಂಟೆನಾ ಬಿಚ್ಚಿ, ಅದರ ಅಲ್ಯೂಮಿನಿಯಂ ಕೊಳವೆಯಲ್ಲಿ ಎರಡೂವರೆ ಅಡಿಯ ಎರಡು ತುಂಡು ಕತ್ತರಿಸುವುದು. ಎರಡನ್ನೂ ಒಂದೇ ಗೆರೆಯಲ್ಲಿ, ಒಂದಕ್ಕೊಂದು ತಾಗದಂತೆ, ಮರದ ರೀಪಿಗೆ ಸ್ಕ್ರೂ ಹಾಕಿ ಕೂರಿಸುವುದು. ನಡುವಿನ ಎರಡು ತುದಿಗೆ ಟಿ.ವಿ.ಯ ಚಪ್ಪಟೆ ವೈರಿನ ಎರಡು ಎಳೆ. ಇಷ್ಟನ್ನೂ ಬಿದಿರು ಗಳುವಿಗೆ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿದರೆ ಮುಗಿಯಿತು. ಅಳತೆ ಅವರು ಅಂದಾಜಿನಲ್ಲಿ ಕಂಡುಕೊಂಡದ್ದು, ಆದರೆ ಲೆಕ್ಕ ಹಾಕಿದರೂ ಅದೇ ಬರುತ್ತದೆ. 91 ಮೆಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಸುಮಾರು ಮೂರೂಕಾಲು ಮೀಟರ್. ಅದರ ಅರ್ಧಕ್ಕಿಂತ ತುಸು ಕಡಿಮೆ ಉದ್ದದ ಕಡ್ಡಿ ಬೇಕು. ಎರಡೂವರೆ ಅಡಿಯ ಎರಡು ತುಂಡು ಸೇರಿದರೆ ಸರಿಯಾಗಿ ಅಷ್ಟೇ.

ಕೂರಿಸುವುದರಲ್ಲೂ ಒಂದು ಹದವಿದೆ. ಬೆಂಗಳೂರು ಪಡುವಣಕ್ಕಿರುವುದರಿಂದ ಕಡ್ಡಿಯನ್ನು ಉತ್ತರ ದಕ್ಷಿಣವಾಗಿ ಮಲಗಿಸಬೇಕು. ಮಾಳಿಗೆಯ ಮೇಲೊಬ್ಬ ಗಳು ತಿರುಗಿಸುತ್ತಿದ್ದರೆ ಕೆಳಗೊಬ್ಬ ರೇಡಿಯೊಕ್ಕೆ ಕಿವಿಯಿಟ್ಟು ಕೂಗಬೇಕು. “ಬೆಟ್ಟ ಅಡ್ಡ ಐತೆ ಸಾರ್. ಆದ್ರೂ ಗಳು ಒಂದು ಮೊಳ ಮೇಲಕ್ಕೆ ಎತ್ತಿದ್ರೆ ಹಾಡು ಬತ್ತದೆ, ಇಳಿಸಿದ್ರೆ ಬರೀ ಬುಸ್ಸು” ಎಂದರು. ಮಳೆಗಾಲಕ್ಕೆ ವೈರಿನ ತುದಿ ಕಿಲುಬು ಹಿಡಿಯುತ್ತದೆ, ಕೆರೆದು ಮತ್ತೆ ಸುತ್ತಬೇಕು. ಇಂಥ ಆ್ಯಂಟೆನಾಕ್ಕೆ ಅವರು ಕೂಲಿ ತೆಗೆದುಕೊಂಡದ್ದು ಕಡಿಮೆ. ಹಾಡು ಬಂದ ಗಳಿಗೆಯಲ್ಲಿ ಆ ಮನೆಯ ಹುಡುಗರ ಮುಖ ನೋಡುವುದೇ ಒಂದು ಖುಷಿ ಎಂದರು. ಮೊಬೈಲ್‌ನಲ್ಲಿ ಎಫ್‌ಎಂ ಬಂದ ಮೇಲೆ ಇಯರ್‌ಫೋನಿನ ವೈರೇ ಆ್ಯಂಟೆನಾ ಆಯಿತು. ಅಲ್ಲಿಗೆ ಅವರ ಬಿದಿರು ಗಳು ಅಟ್ಟ ಸೇರಿತು.

ಇಷ್ಟು ಪಾಡುಪಟ್ಟು ಕೇಳಿದ ರೇಡಿಯೊದಲ್ಲಿ ಕನ್ನಡ ಎಷ್ಟಿತ್ತು? ಮೊದಲ ವರ್ಷಗಳಲ್ಲಿ ಬಹಳ ಕಡಿಮೆ. ಹಿಂದಿ ಹಾಡು, ಇಂಗ್ಲಿಷ್ ಮಾತು, ಅಲ್ಲೊಂದು ಇಲ್ಲೊಂದು ಕನ್ನಡ. ಕನ್ನಡ ಹಾಡು ಹಾಕಿದರೆ ಜಾಹೀರಾತು ಬರುವುದಿಲ್ಲ ಎಂಬ ನಂಬಿಕೆ ಆಗಿನ ವ್ಯಾಪಾರಿ ಬಾನುಲಿಯಲ್ಲಿ ಬೇರೂರಿತ್ತು. ಬೆಂಗಳೂರಿನ ಕನ್ನಡಪರರು ಇದನ್ನು ಬಿಡದೆ ಪ್ರಶ್ನಿಸಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು ಎಂಬುದನ್ನು ಮುಂದಿನ ವರ್ಷಗಳು ತೋರಿಸಿದವು.

2005ರಲ್ಲಿ ಕೇಂದ್ರ ಸರ್ಕಾರ ಎರಡನೇ ಹಂತದ ಎಫ್‌ಎಂ ನೀತಿ ತಂದಿತು. ಮೊದಲ ಹಂತದಲ್ಲಿ ಪರವಾನಗಿ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಆ ಭಾರ ತಾಳದೆ ಹಲವು ಕಂಪನಿಗಳು ಹರಾಜಿನಲ್ಲಿ ಗೆದ್ದ ಮೇಲೂ ಹಿಂದೆ ಸರಿದಿದ್ದವು. ಹೊಸ ನೀತಿ ಅದನ್ನು ಬಿಟ್ಟು ವರಮಾನದ ಶೇ 4ರ ಪಾಲಿಗೆ ಬಂತು. ಬೆಂಗಳೂರಿನಲ್ಲಿ ರೇಡಿಯೊ ಮಿರ್ಚಿ, ಬಿಗ್ ಎಫ್‌ಎಂ, ರೇಡಿಯೊ ಇಂಡಿಗೊ ಎಂದು ಸಾಲು ಸಾಲು ಕೇಂದ್ರಗಳು ತೆರೆದವು. ಪೈಪೋಟಿ ಬಂದ ಹೊತ್ತಿಗೇ 2006ರ ಡಿಸೆಂಬರ್ ಕೊನೆಯಲ್ಲಿ ‘ಮುಂಗಾರು ಮಳೆ’ ತೆರೆಕಂಡಿತು. ಮನೋಮೂರ್ತಿ ಸಂಗೀತದ ಆ ಹಾಡುಗಳನ್ನು ಹಾಕದೆ ಯಾವ ಕೇಂದ್ರಕ್ಕೂ ದಿನ ದೂಡಲಾಗಲಿಲ್ಲ. ಐ.ಟಿ. ಕಂಪನಿಯ ಬಸ್ಸಿನಲ್ಲೂ ಕೋಲಾರದ ಟೊಮೆಟೊ ಲಾರಿಯಲ್ಲೂ ಒಂದೇ ಹಾಡು. ಕನ್ನಡಕ್ಕೆ ಕೇಳುಗರಿಲ್ಲ ಎಂಬ ವಾದ ಅಲ್ಲಿಗೆ ಬಿತ್ತು. ಕನ್ನಡದ ಆರ್‌ಜೆಗಳು ಮನೆಮಾತಾದರು, ರೇಡಿಯೊ ಸಿಟಿಯಲ್ಲೂ ಕನ್ನಡದ ಪಾಲು ಬೆಳೆಯಿತು. 2015ರಲ್ಲಿ ಕೇಂದ್ರದ ಒಡೆತನ ಜಾಗರಣ್ ಪ್ರಕಾಶನ ಸಂಸ್ಥೆಗೆ ಹೋಯಿತು.

ಆದರೂ ಕೋಲಾರದವರಿಗೆ ಅದು ಪಕ್ಕದೂರಿನ ರೇಡಿಯೊ. ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಕೋರಮಂಗಲದ ಹೋಟೆಲು ನಮಗೆ ಏತಕ್ಕೆ?

ನಮ್ಮದೇ ದನಿ ಬೇಕೆಂದು ಹೊರಟವರೂ ಇದೇ ಜಿಲ್ಲೆಯಲ್ಲಿದ್ದರು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ಹೆಸರಾದದ್ದು. ರೇಡಿಯೊ ಸಿಟಿ ಶುರುವಾದ ಆ ಕಾಲದಲ್ಲೇ ಅಲ್ಲಿ ‘ನಮ್ಮ ಧ್ವನಿ’ ಎಂಬ ಪುಟ್ಟ ಸ್ಟುಡಿಯೊ ಎದ್ದಿತು. ವಾಯ್ಸಸ್, ಮೈರಾಡ ಸಂಸ್ಥೆಗಳು ಕೈಹಿಡಿದವು, ಯುನೆಸ್ಕೊ ನೆರವು ಕೊಟ್ಟಿತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮೈಕ್ ಹಿಡಿದು ನೀರಿನ ತೊಂದರೆ, ಬೇಸಾಯ, ಆರೋಗ್ಯದ ಮಾತು ರೆಕಾರ್ಡ್ ಮಾಡಿದರು. ಆದರೆ ಗಾಳಿಗೆ ಬಿಡುವಂತಿರಲಿಲ್ಲ. ಕೋಟಿಗಟ್ಟಲೆ ಕಟ್ಟಿದ ಕಂಪನಿಗೆ ಸಿಕ್ಕ ಪರವಾನಗಿ ಹಳ್ಳಿಯ ಸಂಘಕ್ಕೆ ಸಿಗುತ್ತಿರಲಿಲ್ಲ. ಬಾನಿನ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಪರಿಸ್ಥಿತಿ ಹಾಗಿತ್ತು. ಬೂದಿಕೋಟೆಯವರು ಕೈಕಟ್ಟಿ ಕೂರಲಿಲ್ಲ. ಟಿ.ವಿ. ಕೇಬಲ್ಲಿನಲ್ಲೇ ತಮ್ಮ ದನಿಯನ್ನು ಮನೆಮನೆಗೆ ಹರಿಸಿದರು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಅನುಮತಿ ಬಂದದ್ದು 2006ರ ನೀತಿಯಲ್ಲಿ. ಕರ್ನಾಟಕದ ಬಾನುಲಿ ಚರಿತ್ರೆ ಬರೆಯುವವರು ಬೂದಿಕೋಟೆಗೆ ಇನ್ನೂ ತಕ್ಕ ಜಾಗ ಕೊಟ್ಟಿಲ್ಲ ಎಂಬುದು ನನ್ನ ಬಲವಾದ ಅನಿಸಿಕೆ.

ಈಗ ಎಫ್‌ಎಂ ಕೇಳುವುದೇ ಕಡಿಮೆಯಾಗಿದೆ ಎನ್ನುತ್ತಾರೆ. ಹೊಸ ಮೊಬೈಲ್‌ಗಳಲ್ಲಿ ಎಫ್‌ಎಂ ಸಿಗದಂತಾಗಿ, 2023ರಲ್ಲಿ ಕೇಂದ್ರ ಸರ್ಕಾರವೇ ಆ ಸೌಲಭ್ಯ ಕೊಡಿ ಎಂದು ತಯಾರಕರಿಗೆ ಸೂಚಿಸಬೇಕಾಯಿತು. ಆದರೂ ಟೊಮೆಟೊ ಮಂಡಿಯ ಲಾರಿಗಳಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಮುಳಬಾಗಿಲಿನ ಹೋಟೆಲುಗಳಲ್ಲಿ ಕೈ ಕೆಲಸ ಮಾಡುವಾಗ ಕಿವಿ ಖಾಲಿ ಇರುವ ಜನ ಸಾವಿರಾರು. ತೆಲುಗು ಬೆರೆತ ನಮ್ಮ ಕನ್ನಡ ಇವತ್ತಿಗೂ ಯಾವ ವ್ಯಾಪಾರಿ ರೇಡಿಯೊದಲ್ಲೂ ಕೇಳಿಸಿಲ್ಲ. ಮಾಸ್ತಿ, ಡಿ.ವಿ.ಜಿ. ಹುಟ್ಟಿದ ಜಿಲ್ಲೆ ಇದು. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಓದುವಂತಿಲ್ಲ, ನಿಜ. ಆದರೆ ಹವಾಮಾನ, ನೀರು ಕರೆಂಟಿನ ಪ್ರಕಟಣೆ, ಪರೀಕ್ಷೆ, ಉದ್ಯೋಗದ ಮಾಹಿತಿ ಹೇಳಲು ಅಡ್ಡಿಯಿಲ್ಲ. ಒಂದು ಜಿಲ್ಲೆಯ ದಿನ ತುಂಬಲು ಇಷ್ಟು ಸಾಲದೆ?

2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕದ 16 ಊರುಗಳು ಆ ಪಟ್ಟಿಯಲ್ಲಿವೆ. ಕೋಲಾರದ ಪಾಲು 3 ವಾಹಿನಿ. ಹೊರಗಿನ ದೊಡ್ಡ ಕಂಪನಿ ಬಂದು ಬೆಂಗಳೂರಿನ ಕಾರ್ಯಕ್ರಮವನ್ನೇ ಇಲ್ಲಿ ಮರುಪ್ರಸಾರ ಮಾಡಿದರೆ ನಮಗೆ ಬಂದದ್ದೇನೂ ಇಲ್ಲ. ಜಿಲ್ಲೆಯ ವರ್ತಕರು, ಉದ್ಯಮಿಗಳು, ಸಹಕಾರ ಸಂಘಗಳು ಒಟ್ಟುಗೂಡಿ ಮೂರರಲ್ಲಿ ಒಂದನ್ನಾದರೂ ಕೋಲಾರದವರ ಕೈಯಲ್ಲಿ ಉಳಿಸಿಕೊಳ್ಳಬೇಕು.