ಸಾಸಿವೆ ಡಬ್ಬಿಯ ಹಣಕ್ಕೆ ಎಸ್ಸೆಮ್ಮೆಸ್ ಬರುವುದಿಲ್ಲ

ಮುಂಬಯಿ: ಡೊಂಬಿವಲಿಯ ತರಕಾರಿ ಗಾಡಿಯಿಂದ ದಾದರಿನ ಹೂವಿನ ಮಾರುಕಟ್ಟೆಯವರೆಗೆ ಎಲ್ಲೆಡೆ ಕ್ಯೂಆರ್ ಫಲಕಗಳು ತೂಗಾಡುತ್ತಿವೆ. ಆದರೂ ಗಂಡ ಮೊಬೈಲ್ ತೋರಿಸಿ ಹಣ ಪಾವತಿಸುವುದು, ಹೆಂಡತಿ ಪರ್ಸಿನಿಂದ ನೋಟು ತೆಗೆಯುವುದು ನಗರದ ಅನೇಕ ಕನ್ನಡ ಕುಟುಂಬಗಳಲ್ಲಿ ಇಂದಿಗೂ ಕಾಣುವ ದೃಶ್ಯ. 'ಹೆಂಗಸರಿಗೆ ಆಪ್ ಗೀಪ್ ಎಲ್ಲಿ ತಿಳಿಯುತ್ತದೆ' ಎಂದು ನಗುವವರಿದ್ದಾರೆ. ಅರಿಶಿನ ಕುಂಕುಮ ಕಾರ್ಯಕ್ರಮದ ನೂರು ಫೋಟೊಗಳನ್ನು ಅರ್ಧ ಗಂಟೆಯೊಳಗೆ ಸಂಘದ ವಾಟ್ಸಪ್ ಗುಂಪಿಗೆ ಹಾಕುವವರಿಗೆ ಇದೊಂದು ತಿಳಿಯದೇ? ತೊಡಕಿರುವುದು ಬೇರೆಡೆ.

2016ರಲ್ಲಿ ಆರಂಭವಾದ ಯುಪಿಐಯ ಆಪ್‌ಗಳು ಮೊದಲು ನೋಡುವುದೇ ಬ್ಯಾಂಕಿನಲ್ಲಿ ದಾಖಲಾದ ಮೊಬೈಲ್ ಸಂಖ್ಯೆಯನ್ನು. ಆ ಸಿಮ್ ಅದೇ ಫೋನಿನಲ್ಲಿರಬೇಕು. ಎಷ್ಟೋ ಗೃಹಿಣಿಯರ ಖಾತೆಗೆ ಅರ್ಜಿ ತುಂಬಿದವರು ಮನೆಯ ಯಜಮಾನರು, ಬರೆದ ಸಂಖ್ಯೆಯೂ ಅವರದೇ. ಖಾತೆ ಆಕೆಯದು, ಕೀಲಿಕೈ ಅವರ ಜೇಬಿನಲ್ಲಿ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಬ್ಯಾಂಕ್ ಖಾತೆ ಶೇ. 78.6 ಮಹಿಳೆಯರಿಗಿತ್ತು, ತಾವೇ ಬಳಸುವ ಮೊಬೈಲ್ ಶೇ. 53.9 ಮಂದಿಗೆ ಮಾತ್ರ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಗುಟ್ಟಿನದು. ದಿನಸಿ ಖರ್ಚಿನಲ್ಲಿ ಉಳಿಸಿ ಸಾಸಿವೆ ಡಬ್ಬಿಯಲ್ಲಿಟ್ಟ ಹಣವೇ ಅನೇಕ ಗೃಹಿಣಿಯರ ಸ್ವಂತ ಆಸ್ತಿ. 2016ರ ನವೆಂಬರ್ 8ರ ನೋಟು ರದ್ದತಿಯಲ್ಲಿ ಆ ಗಂಟು ಮನೆಯವರೆಲ್ಲರ ಮುಂದೆ ಬಿಚ್ಚಬೇಕಾಯಿತು. ಮೊಬೈಲ್ ಪಾವತಿಯಲ್ಲಾದರೋ, ತಂಗಿಗೆ ಕಳುಹಿಸಿದ ಐನೂರು ರೂಪಾಯಿಯ ಎಸ್ಸೆಮ್ಮೆಸ್ ಕೂಡಲೇ ಗಂಡನ ಫೋನಿನಲ್ಲಿ ಠಣ್ ಎನ್ನುತ್ತದೆ. ಯಾರು ತಾನೇ ಇಷ್ಟಪಟ್ಟಾರು? ನೋಟಿಗೇ ಅಂಟಿಕೊಳ್ಳುವುದು ಅಜ್ಞಾನವಲ್ಲ, ಲೆಕ್ಕಾಚಾರ.

2022ರಲ್ಲಿ ಬಂದ ಯುಪಿಐ ಲೈಟ್ ಈ ದೃಷ್ಟಿಯಿಂದ ಉಪಯುಕ್ತ. ಅದರಲ್ಲಿ 5,000 ರೂ.ವರೆಗೆ ತುಂಬಿಸಿಟ್ಟುಕೊಂಡು, ಒಮ್ಮೆಗೆ 1,000 ರೂ.ವರೆಗೆ ಪಿನ್ ಇಲ್ಲದೆ ಕೊಡಬಹುದು. ಪಾಸ್‌ಬುಕ್ಕಿನಲ್ಲಿ ತುಂಬಿಸಿದ ಮೊತ್ತವಷ್ಟೇ ಕಾಣುತ್ತದೆ. ಹೂವು, ಮಲ್ಲಿಗೆ, ರಿಕ್ಷಾ ಎಂಬ ಬಿಡಿ ಲೆಕ್ಕ ಕಾಣುವುದಿಲ್ಲ. ಬ್ಯಾಂಕಿನ ಸಾಸಿವೆ ಡಬ್ಬಿ ಎನ್ನಲಡ್ಡಿಯಿಲ್ಲ. ಆದರೆ ಪಿನ್ ಇಲ್ಲದ್ದರಿಂದ ಫೋನಿಗೆ ಬೀಗ ಹಾಕಿಡುವುದು ಅಗತ್ಯ.

ಕೆಲವು ಆಪ್‌ಗಳು ಮೊಬೈಲ್ ಸಂಖ್ಯೆಯನ್ನೇ ಪಾವತಿ ವಿಳಾಸವಾಗಿಸುತ್ತವೆ. ಅಪರಿಚಿತ ರಿಕ್ಷಾ ಚಾಲಕನಿಗೆ ತನ್ನ ಸಂಖ್ಯೆ ಸಿಗುವುದು ಯುವತಿಯರಿಗೆ ಹಿತವಲ್ಲ. ಸಂಖ್ಯೆಯಿಲ್ಲದ ಬೇರೆ ವಿಳಾಸ ಮಾಡಿಕೊಳ್ಳುವ ಸೌಲಭ್ಯವಿದ್ದರೂ ಅದನ್ನು ಆಪ್‌ನ ಯಾವುದೋ ಮೂಲೆಯಲ್ಲಿ ಅಡಗಿಸಿಡಲಾಗಿದೆ. ವಿನ್ಯಾಸಕಾರರು ಅದನ್ನು ಮೊದಲ ಪರದೆಗೇ ತಂದರೆ ನಷ್ಟವೇನು? ಭೀಮ್ ಆಪ್ ಕನ್ನಡದಲ್ಲಿಯೂ ಲಭ್ಯವಿದೆ. ಕೀಪ್ಯಾಡ್ ಫೋನಿನವರಿಗೆ 2022ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಯುಪಿಐ 123ಪೇ ಬಂದಿದೆ.

ಖಾತೆಯಲ್ಲಿ ಗಂಡನ ಅಥವಾ ಮಗನ ಸಂಖ್ಯೆ ಇರುವವರು ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಶಾಖೆಗೆ ಹೋಗಿ ಅರ್ಜಿ ಕೊಟ್ಟು ತಮ್ಮದೇ ಸಂಖ್ಯೆ ದಾಖಲಿಸಿಕೊಳ್ಳಬಹುದು. ಪಿನ್ ಯಾರಿಗೂ ಹೇಳಬೇಕಾಗಿಲ್ಲ, ಯಜಮಾನರಿಗೂ.