ಪ್ರಾಣಿಗಳಿಗೂ ಹೃದಯ-ಶ್ವಾಸಕೋಶ ಪುನಶ್ಚೇತನ

ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ನೀಡಿದ ನಾಯಿಯೊಂದು ಮೇಜಿನ ಮೇಲೆ ಮಲಗಿದೆ. ಇದ್ದಕ್ಕಿದ್ದಂತೆ ಅದರ ಉಸಿರಾಟ ನಿಲ್ಲುತ್ತದೆ, ಹಿಂದೆಯೇ ಹೃದಯವೂ ನಿಲ್ಲುತ್ತದೆ. ಮಿದುಳಿನಲ್ಲಿ ಆಕ್ಸಿಜನ್ನಿನ ದಾಸ್ತಾನು ಇರುವುದಿಲ್ಲ. ರಕ್ತದ ಹರಿವು ನಿಂತ ಕೆಲವೇ ನಿಮಿಷಗಳಲ್ಲಿ ಅದರ ಜೀವಕೋಶಗಳಿಗೆ ಹಾನಿಯಾಗತೊಡಗುತ್ತದೆ. ನಿಂತ ಹೃದಯದ ಕೆಲಸವನ್ನು ಅಷ್ಟರೊಳಗೆ ಹೊರಗಿನಿಂದ ಕೈಗಳ ಮೂಲಕ ಮಾಡುವ ವಿಧಾನವೇ ಹೃದಯ-ಶ್ವಾಸಕೋಶ ಪುನಶ್ಚೇತನ, ಅಂದರೆ ಸಿಪಿಆರ್.

ನಾಯಿಯಿಂದ ಮನುಷ್ಯನಿಗೆ

ಈ ವಿಧಾನವನ್ನು ನಮಗೆ ತೋರಿಸಿಕೊಟ್ಟದ್ದೇ ನಾಯಿ. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೌವೆನ್‌ಹೋವೆನ್ ಅವರ ತಂಡ ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಸಾಧನವನ್ನು ನಾಯಿಗಳ ಮೇಲೆ ಪರೀಕ್ಷಿಸುತ್ತಿತ್ತು. ಭಾರವಾದ ವಿದ್ಯುದಗ್ರಗಳನ್ನು ಎದೆಗೆ ಒತ್ತಿದೊಡನೆ, ವಿದ್ಯುತ್ ಹರಿಸುವ ಮೊದಲೇ, ನಾಯಿಯ ರಕ್ತದೊತ್ತಡ ಏರುವುದನ್ನು ಗೈ ನಿಕರ್‌ಬಾಕರ್ ಗಮನಿಸಿದರು. ಎದೆಯನ್ನು ತೆರೆಯದೆಯೇ ರಕ್ತ ಪರಿಚಲನೆ ಸಾಧ್ಯ ಎಂಬುದು ಹೀಗೆ ತಿಳಿಯಿತು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಅವರೂ ಸೇರಿ 1960ರಲ್ಲಿ ಇದನ್ನು ಮನುಷ್ಯರ ಚಿಕಿತ್ಸೆಯಾಗಿ ಪ್ರಕಟಿಸಿದರು.

ಆದರೆ ನಾಯಿ, ಬೆಕ್ಕುಗಳಿಗೆಂದೇ ಸಾಕ್ಷ್ಯಾಧಾರಿತ ಮಾರ್ಗಸೂಚಿ ಬಂದದ್ದು 2012ರಲ್ಲಿ. 'ರಿಕವರ್' ಎಂಬ ಹೆಸರಿನ ಈ ಮಾರ್ಗಸೂಚಿಯನ್ನು 2024ರಲ್ಲಿ ಪರಿಷ್ಕರಿಸಲಾಯಿತು. ಮನುಷ್ಯರ ವಿಧಾನವನ್ನೇ ಪ್ರಾಣಿಗಳಿಗೆ ಬಳಸಿದರೆ ಸಾಲದೇ? ಸಾಲದು. ಇದಕ್ಕೆ ಮುಖ್ಯ ಕಾರಣ ಎದೆಗೂಡಿನ ಆಕಾರ.

ಎಲ್ಲಿ ಒತ್ತಬೇಕು?

ಮನುಷ್ಯನ ಎದೆ ಅಗಲ, ಚಪ್ಪಟೆ. ಅಂಗಾತ ಮಲಗಿಸಿ ಒತ್ತಿದರೆ ಹೃದಯವು ಎದೆಮೂಳೆ ಮತ್ತು ಬೆನ್ನುಮೂಳೆಗಳ ನಡುವೆ ಸಿಲುಕುತ್ತದೆ. ಬಹುತೇಕ ನಾಯಿಗಳ ಎದೆ ಪಕ್ಕದಿಂದ ಪಕ್ಕಕ್ಕೆ ಕಿರಿದು, ಬೆನ್ನಿನಿಂದ ಕೆಳಕ್ಕೆ ಆಳ. ಹೀಗಾಗಿ ಅವುಗಳನ್ನು ಒಂದು ಪಕ್ಕಕ್ಕೆ ಮಲಗಿಸುತ್ತಾರೆ.

ನಮ್ಮ ಮುಧೋಳ ನಾಯಿಯಂತಹ ಕಿರಿದಾದ, ಆಳ ಎದೆಯ ತಳಿಗಳಲ್ಲಿ ನೇರವಾಗಿ ಹೃದಯದ ಮೇಲೆಯೇ ಒತ್ತಬೇಕು. ಮುಂಗಾಲನ್ನು ಹಿಂದಕ್ಕೆ ಮಡಿಸಿದಾಗ ಮೊಣಕೈ ಎದೆಯನ್ನು ಮುಟ್ಟುವಲ್ಲಿ ಹೃದಯವಿರುತ್ತದೆ. ಇಲ್ಲಿ ಹೃದಯವೇ ಹಿಂಡಲ್ಪಟ್ಟು ರಕ್ತ ಹೊರಹೊಮ್ಮುತ್ತದೆ. ಲ್ಯಾಬ್ರಡಾರ್‌ನಂತಹ ದುಂಡನೆಯ ಎದೆಯ ದೊಡ್ಡ ನಾಯಿಗಳಲ್ಲಿ ಹೃದಯವನ್ನು ನೇರವಾಗಿ ಹಿಂಡುವುದು ಕಷ್ಟ. ಆದ್ದರಿಂದ ಎದೆಯ ಅತ್ಯಂತ ಅಗಲವಾದ ಭಾಗವನ್ನು ಒತ್ತುತ್ತಾರೆ. ಆಗ ಇಡೀ ಎದೆಗೂಡಿನೊಳಗಿನ ಒತ್ತಡ ಏರಿ ರಕ್ತವನ್ನು ತಳ್ಳುತ್ತದೆ. ಅಗಲ ಎದೆಯ ಬುಲ್‌ಡಾಗ್ ಅನ್ನು ಮಾತ್ರ ಮನುಷ್ಯನಂತೆ ಅಂಗಾತ ಮಲಗಿಸಬಹುದು. ಬೆಕ್ಕು ಹಾಗೂ ಪುಟ್ಟ ನಾಯಿಗಳಿಗೆ ಒಂದೇ ಕೈ ಸಾಕು: ಹೆಬ್ಬೆರಳು ಎದೆಯ ಒಂದು ಬದಿಗೆ, ಉಳಿದ ಬೆರಳುಗಳು ಇನ್ನೊಂದು ಬದಿಗೆ. ನಾನೂರು ಕಿಲೋ ತೂಗುವ ಹಸುವಿನ ಎದೆಯನ್ನು ಪರಿಣಾಮಕಾರಿಯಾಗಿ ಒತ್ತುವುದು ಮನುಷ್ಯನ ಶಕ್ತಿಗೆ ಮೀರಿದ್ದು. ಕರುವಿನಲ್ಲಿ ಅದು ಸಾಧ್ಯ.

ಎಷ್ಟು, ಹೇಗೆ?

ನಾಯಿ, ಬೆಕ್ಕುಗಳಿಗೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪಕ್ಕಕ್ಕೆ ಮಲಗಿರುವಾಗ ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಆಳಕ್ಕೆ ಒತ್ತಬೇಕು. ಪ್ರತಿ ಬಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯದೊಳಕ್ಕೆ ರಕ್ತ ಮತ್ತೆ ತುಂಬುವುದು ಆಗಲೇ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ದಣಿದ ಕೈ ತನಗರಿವಿಲ್ಲದೆಯೇ ಮೇಲುಮೇಲೆ ಒತ್ತತೊಡಗುತ್ತದೆ.

ಶ್ವಾಸನಾಳಕ್ಕೆ ಕೊಳವೆ ಇಳಿಸಿದ್ದರೆ ನಿಮಿಷಕ್ಕೆ 10 ಉಸಿರು ಸಾಕು. ಹೆಚ್ಚು ಗಾಳಿ ತುಂಬಿದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಕೊಳವೆ ಇಲ್ಲದಿದ್ದಾಗ 30 ಒತ್ತಡಗಳಿಗೆ 2 ಉಸಿರು. ಬಾಯಿಯನ್ನು ಮುಚ್ಚಿ ಹಿಡಿದು, ಕತ್ತನ್ನು ನೇರವಾಗಿಸಿ, ಮೂಗಿನ ಮೂಲಕ ಊದಬೇಕು. ರೋಗ ಹರಡುವ ಭಯವಿದ್ದಲ್ಲಿ ಒತ್ತುವುದನ್ನಷ್ಟೇ ಮಾಡಬೇಕು.

ಒತ್ತುವುದು ಫಲಿಸುತ್ತಿದೆಯೇ ಎಂದು ತಿಳಿಯುವುದು ಹೇಗೆ? ವೈದ್ಯರು ಹೊರಬರುವ ಉಸಿರಿನ ಕೊನೆಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಅಳೆಯುತ್ತಾರೆ. ರಕ್ತ ಹರಿದರೆ ಮಾತ್ರ ಈ ಅನಿಲ ಶ್ವಾಸಕೋಶವನ್ನು ತಲಪುತ್ತದೆ. 2024ರ ಸೂಚಿಯಂತೆ ಅದು ಕನಿಷ್ಠ 18 ಮಿ.ಮೀ. ಪಾದರಸದಷ್ಟಿರಬೇಕು. ಅದು ಥಟ್ಟನೆ ಏರಿದರೆ ಹೃದಯ ಮತ್ತೆ ಬಡಿಯತೊಡಗಿರುವ ಸೂಚನೆ.

ಫಲವೆಷ್ಟು?

ಹೃದಯ ನಿಂತ ನಾಯಿ, ಬೆಕ್ಕುಗಳಲ್ಲಿ ಬದುಕಿ ಮನೆಗೆ ಮರಳುವವು ನೂರರಲ್ಲಿ ಹತ್ತಕ್ಕೂ ಕಡಿಮೆ. ಹೆಚ್ಚಿನವುಗಳಲ್ಲಿ ತೀವ್ರ ಕಾಯಿಲೆಯ ಕೊನೆಯ ಹಂತದಲ್ಲಿ ಹೃದಯ ನಿಂತಿರುವುದೇ ಇದಕ್ಕೆ ಕಾರಣ. ಅರಿವಳಿಕೆಯ ವೇಳೆ ನಿಂತ ಹೃದಯದ ಮಾತು ಬೇರೆ. ಕಾರಣವನ್ನು ಕೂಡಲೇ ಸರಿಪಡಿಸಬಹುದು, ತಂಡ ಪಕ್ಕದಲ್ಲೇ ಇರುತ್ತದೆ. ಆದ್ದರಿಂದ ಬದುಕುವ ಸಾಧ್ಯತೆ ಅಲ್ಲಿ ಹಲವು ಪಟ್ಟು ಹೆಚ್ಚು.

ಪ್ರಜ್ಞೆಯೂ ಉಸಿರೂ ಇಲ್ಲದ ಪ್ರಾಣಿಯಲ್ಲಿ ನಾಡಿ ಹುಡುಕುತ್ತ ಕೂರಬಾರದು. 10-15 ಸೆಕೆಂಡುಗಳಲ್ಲಿ ನಿರ್ಧರಿಸಿ ಒತ್ತಲು ಆರಂಭಿಸಬೇಕು, ಇನ್ನೊಬ್ಬರು ಪಶುವೈದ್ಯರನ್ನು ಕರೆಯಬೇಕು. ವಿದ್ಯುತ್ ತಗುಲಿದ ಪ್ರಾಣಿಯನ್ನು ಮುಟ್ಟುವ ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು.

ಶಾಲೆಯಲ್ಲಿ ಇದನ್ನು ಕಲಿಸುವವರು ಆರೋಗ್ಯವಂತ ಪ್ರಾಣಿಯ ಮೇಲೆ ಎಂದೂ ಅಭ್ಯಾಸ ಮಾಡಿಸಬಾರದು. ಪಕ್ಕೆಲುಬು ಮುರಿಯಬಹುದು, ಒಳಗಿನ ಅಂಗಗಳಿಗೆ ಗಾಯವಾಗಬಹುದು. ಗಟ್ಟಿ ದಿಂಬು ಮತ್ತು ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಸೆಕೆಂಡಿಗೆ ಎರಡರ ಲಯದಲ್ಲಿ ಎರಡು ನಿಮಿಷ ಒತ್ತಿ ನೋಡಿದ ವಿದ್ಯಾರ್ಥಿಗೆ, ಹೃದಯ ದಣಿಯದೆ ಮಾಡುವ ಕೆಲಸ ಎಷ್ಟೆಂಬುದು ಬೇರೆ ಪಾಠವಿಲ್ಲದೆಯೇ ತಿಳಿಯುತ್ತದೆ.